ನಾನೂರು ರೂಪಾಯಿ ಉಳಿಸಲು ಹೋಗಿ: ಮಾಳಮಡ್ಡಿಯ ಹಂಚಿನ ಮನೆಗೆ ವೈಫೈ

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಹಂಚಿನ ಮನೆಯ ಅರ್ಧ ಭಾಗದಲ್ಲಿ ನಾವು ಆರು ಹುಡುಗಿಯರು ಬಾಡಿಗೆಗಿದ್ದೇವೆ. ಇನ್ನರ್ಧದಲ್ಲಿ ಮನೆಯ ಮಾಲಕಿ ಅಜ್ಜಿ. ಮನೆ ರೈಲುಬೋಗಿಯಂತೆ ಉದ್ದಕ್ಕಿದೆ: ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲಿನಲ್ಲಿ ಯಾವಾಗಲೋ ಕಟ್ಟಿಸಿದ ತಗಡಿನ ಮಾಡಿನ ಕೋಣೆ. ಪಡಸಾಲೆಯಲ್ಲಿ ಇಬ್ಬರು, ನಡುಮನೆಯಲ್ಲಿ ಇಬ್ಬರು, ಹಿತ್ತಲಿನ ಕೋಣೆಯಲ್ಲಿ ನಾನು ಮತ್ತು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗುವ ಗೆಳತಿ. ಮುಂಬಾಗಿಲಿನಿಂದ ನನ್ನ ಹಾಸಿಗೆಗೆ ಟೇಪು ಹಿಡಿದು ಅಳೆದರೆ 62 ಅಡಿ. ನಡುವಿನ ಗೋಡೆಗಳು ಕಲ್ಲಿನವು, ಹದಿನೆಂಟು ಇಂಚು ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ. ಮೊಬೈಲಿನ ಸಿಗ್ನಲ್ ಮಾತ್ರ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ.

ಎಲ್ಲರೂ 28 ದಿನಕ್ಕೊಮ್ಮೆ ಮುನ್ನೂರು ರೂಪಾಯಿಯ ಆಸುಪಾಸು ರೀಚಾರ್ಜ್ ಮಾಡಿಸಿಕೊಂಡು, ಪಾಠದ ವಿಡಿಯೋ ನೋಡಲು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದೆವು. ಜೂನ್ ಮಳೆ ಶುರುವಾದ ಮೇಲೆ ಕಟ್ಟೆಯೂ ಹೋಯಿತು. ಆಗ ಈ ಕೆಲಸಕ್ಕೆ ಕೈಹಾಕಿದೆವು. ಮುಂದೆ ಬರೆದಿರುವುದು 2025ರ ಜೂನ್‌ನಿಂದ ಆಗಸ್ಟ್‌ವರೆಗೆ ಹಿಸಾಬಿನ ವಹಿಯ ಹಿಂದಿನ ಪುಟಗಳಲ್ಲಿ ಗೀಚಿಕೊಂಡದ್ದು.

ಜೂನ್ 12: ಸಂಪರ್ಕ

100 ಎಂಬಿಪಿಎಸ್ ಯೋಜನೆ, ತಿಂಗಳಿಗೆ 799 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 943. ಆರು ಜನಕ್ಕೆ ಭಾಗಿಸಿದರೆ ತಲೆಗೆ 157 ರೂಪಾಯಿ ಚಿಲ್ಲರೆ. ತಲಾ 160 ಎಂದು ಗೊತ್ತುಮಾಡಿದೆವು. ಉಳಿಯುವ 17 ರೂಪಾಯಿ ಚಹಾಪುಡಿಯ ಡಬ್ಬಿಗೆ. ಮೋಡೆಮ್‌ಗೆ 1,500 ರೂಪಾಯಿ ಠೇವಣಿ, ಮನೆ ಬಿಡುವಾಗ ವಾಪಸ್.

ಸಂಪರ್ಕ ಕೊಡಲು ಬಂದ ಅಣ್ಣ ಕಂಬದಿಂದ ಫೈಬರ್ ಎಳೆದು, ಪಡಸಾಲೆಯ ಕಿಟಕಿಯಿಂದ ಒಳಗೆ ತಂದು, ಅಲ್ಲೇ ಗೋಡೆಗೆ ಡಬ್ಬಿ ಹೊಡೆದ. ಅವನ ಕೈಯಲ್ಲಿದ್ದ ಮೀಟರ್ ಮೈನಸ್ 19.8 ಡಿಬಿಎಂ (ಫೈಬರಿನಲ್ಲಿ ಬರುವ ಸಿಗ್ನಲ್ಲಿನ ಬಲದ ಅಳತೆ) ತೋರಿಸಿತು. ಚೆನ್ನಾಗಿದೆ ಎಂದ. ನಿಜಕ್ಕೂ ಚೆನ್ನಾಗಿಯೇ ಇತ್ತು. ನಡುಮನೆಯವರೆಗೆ ತರಲು ಆಗುತ್ತದೆಯೇ ಎಂದು ಕೇಳಿದೆವು. ಹೆಚ್ಚಿನ ಕೇಬಲ್ಲಿಗೂ ಕೂಲಿಗೂ ಸೇರಿ ನಾನೂರು ಆಗುತ್ತದೆ ಎಂದ. ನಾವು ಆರೂ ಜನ ಮುಖ ಮುಖ ನೋಡಿಕೊಂಡೆವು. ವೈಫೈ ಅಲ್ಲವೇ, ಗಾಳಿಯಲ್ಲಿ ತಾನೇ ಬರುತ್ತದೆ ಎಂದವಳು ನಾನೇ.

ಮೊದಲ ತಪ್ಪು ಇದು. ಇನ್ನು ಕೆಳಗೆ ಬರುವ ತಪ್ಪುಗಳಲ್ಲಿ ಅರ್ಧದಷ್ಟು ಇದರ ಮಕ್ಕಳು.

ಜೂನ್ 13: ಅಳತೆ

ಸಿಗ್ನಲ್ ಅಳೆಯುವ ಒಂದು ಉಚಿತ ಆ್ಯಪ್ ಹಾಕಿಕೊಂಡು ಒಂದೇ ಮೊಬೈಲ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದೆ. ಪಡಸಾಲೆಯಲ್ಲಿ ಮೈನಸ್ 42, ವೇಗ 94 ಎಂಬಿಪಿಎಸ್. ನಡುಮನೆಯಲ್ಲಿ ಮೈನಸ್ 66, ವೇಗ 31. ಅಡುಗೆಮನೆಯಲ್ಲಿ ಮೈನಸ್ 78, ವೇಗ 6. ಹಿತ್ತಲಿನ ಕೋಣೆಯಲ್ಲಿ ಮೈನಸ್ 88; ಹೆಸರು ಕಾಣುತ್ತದೆ, ಸೇರಿಕೊಳ್ಳುವುದಿಲ್ಲ. (ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ಮೈನಸ್ 67ರ ಆಚೆಗೆ ವಿಡಿಯೋ ಪಾಠ ತಡವರಿಸತೊಡಗುತ್ತದೆ ಎನ್ನುವುದು ನನ್ನ ಅನುಭವ.)

ಗೋಡೆಯ ಜೊತೆಗೆ ಇನ್ನೊಂದು ಅಡ್ಡಿ ಇತ್ತು. ನಡುಮನೆಯಲ್ಲಿ ಸರಿಯಾಗಿ ದಾರಿಗೆ ಅಡ್ಡವಾಗಿ ಅಜ್ಜಿಯ ಕಬ್ಬಿಣದ ಕಪಾಟು. ಬೀಗ ಅಜ್ಜಿಯ ಸೊಂಟದಲ್ಲಿ, ಒಳಗೇನಿದೆಯೋ ದೇವರಿಗೇ ಗೊತ್ತು, ನಾಲ್ಕು ಜನ ಸೇರಿ ತಳ್ಳಿದರೂ ಅಲುಗಲಿಲ್ಲ.

ಜೂನ್ 15: ಪುಕ್ಕಟೆ ಉಪಾಯಗಳು

ದುಡ್ಡು ಖರ್ಚಾಗದ ಉಪಾಯಗಳನ್ನು ಮೊದಲು ಮುಗಿಸಿದೆ. ಮೋಡೆಮ್ ತನ್ನಷ್ಟಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ 9ನೇ ಚಾನೆಲ್ (ವೈಫೈ ಓಡಾಡುವ ಓಣಿ ಇದ್ದ ಹಾಗೆ) ಹಿಡಿದು ಕುಳಿತಿತ್ತು. 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ 6ರಲ್ಲಿದ್ದವು. 9 ಅಂದರೆ ಅವರ ಜಗಳದ ನಡುವೆ ಕಾಲಿಟ್ಟಂತೆ. 1ಕ್ಕೆ ಬದಲಿಸಿದೆ. ಅಡುಗೆಮನೆಯ ವೇಗ 6ರಿಂದ 11ಕ್ಕೆ ಏರಿತು. ಮೋಡೆಮ್ ಅನ್ನು ಕಿಟಕಿಯ ಪಕ್ಕದಿಂದ ಬಾಗಿಲಿನ ತಲೆಯ ಮೇಲಿನ ಹಲಗೆಗೆ ಏರಿಸಿದೆ, ಇನ್ನು ಎರಡು ಕೂಡಿತು. ಹಿತ್ತಲಿನ ಕೋಣೆಗೆ ಏನೂ ಬರಲಿಲ್ಲ.

ಜೂನ್ 21: ಎಕ್ಸ್‌ಟೆಂಡರ್ ಎಂಬ ಮರುಳು

1,499 ರೂಪಾಯಿ. ಪ್ಲಗ್‌ಗೆ ನೇರವಾಗಿ ಸಿಕ್ಕಿಸುವ ಬಿಳಿ ಡಬ್ಬಿ. ಅಡುಗೆಮನೆಯಲ್ಲಿ ಹಾಕಿದೆ. ಹಿತ್ತಲಿನ ಕೋಣೆಯಲ್ಲಿ ಪೂರ್ತಿ ಗೆರೆಗಳು ಬಂದವು, ಗೆಳತಿ ಚಪ್ಪಾಳೆ ತಟ್ಟಿದಳು. ವೇಗ ನೋಡಿದರೆ 3. ಹಳಸಿದ ಅನ್ನವನ್ನು ಎಷ್ಟು ಬಿಸಿ ಮಾಡಿ ಬಡಿಸಿದರೂ ಹಳಸಿದ ಅನ್ನವೇ. ಡಬ್ಬಿ ತನಗೆ ಸಿಕ್ಕಿದ್ದನ್ನು ಮಾತ್ರ ಮುಂದೆ ಕೊಡುತ್ತದೆ, ಅದರಲ್ಲೂ ಒಂದೇ ರೇಡಿಯೋದಿಂದ ಕೇಳುವುದೂ ಹೇಳುವುದೂ ಆಗಬೇಕಾದ್ದರಿಂದ ಅರ್ಧ ಅಲ್ಲಿಯೇ ಹೋಗುತ್ತದೆ.

ನಡುಮನೆಗೆ ತಂದು ಹಾಕಿದಾಗ ಹಿತ್ತಲಿನಲ್ಲಿ 8ರವರೆಗೆ ಬಂತು. ಇಷ್ಟಾದರೂ ಸಾಕು ಎಂದುಕೊಂಡರೆ, ನಡುಮನೆಯಲ್ಲಿ ಇರುವುದು ಒಂದೇ ಪ್ಲಗ್. ಇಸ್ತ್ರಿ ಪೆಟ್ಟಿಗೆಗೂ ಅದೇ. ಬೆಳಿಗ್ಗೆ ಬಿ.ಇಡಿ. ಓದುವವಳ ಸೀರೆ ಇಸ್ತ್ರಿಯಾಗುವಷ್ಟು ಹೊತ್ತು ಹಿತ್ತಲಿಗೆ ಇಂಟರ್ನೆಟ್ ಇರುತ್ತಿರಲಿಲ್ಲ. ಸೀರೆ ಬೇರೆ, ಹತ್ತಿಯದು. ಮುಂದಿನ ತಿಂಗಳು ಇದನ್ನು ಸಪ್ತಾಪುರದ ಹಾಸ್ಟೆಲಿನ ಹುಡುಗಿಯೊಬ್ಬಳಿಗೆ 900ಕ್ಕೆ ಮಾರಿದೆ. ಅವಳದು ಒಂದೇ ಗೋಡೆ, ಅದೂ ಇಟ್ಟಿಗೆಯದು. ಅವಳಿಗೆ ಕೆಲಸ ಮಾಡುತ್ತಿದೆ.

ಜೂನ್ 29: ಅಟ್ಟದ ದಾರಿ, ಮತ್ತು ಕೆಟ್ಟ ರಾತ್ರಿ

ತಂತಿ ಎಳೆಯದೆ ಗತಿಯಿಲ್ಲ ಎಂಬುದು ಗೊತ್ತಾಗಿತ್ತು. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಬಾಡಿಗೆ ಕರಾರಿನಲ್ಲಿ ಬರೆದಿದೆ. ತೂತು ಕೊರೆಯುವ ಮಾತನ್ನು ಅಜ್ಜಿಯ ಮುಂದೆ ಎತ್ತಲು ಯಾರಿಗೂ ಧೈರ್ಯವಿರಲಿಲ್ಲ. ಹಂಚಿನ ಮನೆಯಲ್ಲಿ ಗೋಡೆಯ ತಲೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದು ಇರುತ್ತದೆ. ಅಟ್ಟ ಹತ್ತಿ, ಆ ಸಂದುಗಳಿಂದ ತಂತಿ ದಾಟಿಸಿದೆವು. ಆನ್‌ಲೈನ್‌ನಲ್ಲಿ ತರಿಸಿದ, ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬಂದ 25 ಮೀಟರ್ ಕೇಬಲ್, 450 ರೂಪಾಯಿ. ಇಳಿದಾಗ ನಾವಿಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರಂತಿದ್ದೆವು, ಬಣ್ಣ ಮಾತ್ರ ಕಪ್ಪು.

ಹಿತ್ತಲಿನ ತುದಿಗೆ ನಮ್ಮಣ್ಣನ ಹಳೆಯ ರೂಟರ್ ಹಾಕಿದೆ. 2.4 ಗಿಗಾಹರ್ಟ್ಸ್ ಮಾತ್ರ ಇರುವ, ನಾಲ್ಕು ಲ್ಯಾನ್ ಕಿಂಡಿಗಳ (ಮನೆಯೊಳಗಿನ ಸಾಧನಗಳಿಗೆ ತಂತಿ ಹಾಕುವ ಕಿಂಡಿಗಳು) ಹಳೆಯ ಮಾದರಿ. ಮೋಡೆಮ್‌ನಿಂದ ಬಂದ ತಂತಿಯನ್ನು ಅದರ ಒಂದು ಲ್ಯಾನ್ ಕಿಂಡಿಗೆ ಸಿಕ್ಕಿಸಿದೆ. ದೀಪ ಹತ್ತಿತು. ರಾತ್ರಿ ಹತ್ತು ಗಂಟೆ. ಎಲ್ಲ ಆಯಿತು ಎಂದು ಊಟಕ್ಕೆ ಕುಳಿತೆವು.

ಹತ್ತೂವರೆಗೆ ಪಡಸಾಲೆಯಿಂದ ಕೂಗು. ಅಲ್ಲಿಯವಳಿಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ಪರೀಕ್ಷೆ. ವೈಫೈ ಪೂರ್ತಿ ಇದೆ, ಇಂಟರ್ನೆಟ್ ಇಲ್ಲ ಎಂದು ತೋರಿಸುತ್ತಿದೆ ಎಂದಳು. ನನ್ನ ಮೊಬೈಲಿನಲ್ಲಿ ಇತ್ತು. ಐದು ನಿಮಿಷಕ್ಕೆ ನನ್ನದೂ ಹೋಯಿತು, ಅವಳದು ಬಂತು. ಮೋಡೆಮ್ ಆರಿಸಿ ಹಚ್ಚಿದೆ. ಹಳೆಯ ರೂಟರ್ ಆರಿಸಿ ಹಚ್ಚಿದೆ. ಇಡೀ ಮನೆಯದು ಹೋಯಿತು. ಹನ್ನೊಂದೂವರೆಗೆ ನಡುಮನೆಯವರೂ ಎದ್ದು ಬಂದು ಸುತ್ತ ನಿಂತು, ಯಾವುದೂ ಉಪಯೋಗಕ್ಕೆ ಬಾರದ ಸಲಹೆ ಕೊಡತೊಡಗಿದರು. ನಾನು ಎಲ್ಲರ ಮೇಲೂ ರೇಗಿದೆ. ತಪ್ಪು ನನ್ನದೇ ಎಂದು ಆಗ ಗೊತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ಹನ್ನೆರಡರ ಮೇಲೆ. ಮೋಡೆಮ್‌ನ ಪುಟ ತೆರೆಯಲು 192.168.1.1 ಒತ್ತಿದರೆ ಒಮ್ಮೆ ಬಿಳಿ ಪುಟ ಬರುತ್ತಿತ್ತು, ಇನ್ನೊಮ್ಮೆ ಹಸಿರು ಪುಟ. ಹಸಿರು ಪುಟ ಹಳೆಯ ರೂಟರಿನದು. ಎರಡೂ ಡಬ್ಬಿಗಳ ವಿಳಾಸ ಒಂದೇ! ಅಷ್ಟೇ ಅಲ್ಲ, ಮೊಬೈಲುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನೂ ಎರಡೂ ಮಾಡುತ್ತಿದ್ದವು. ಹಳೆಯ ರೂಟರಿನ ಬಾಗಿಲಿಗೆ ಹೋದವರಿಗೆ ಆಚೆ ಹೋಗಲು ದಾರಿಯೇ ಇಲ್ಲ, ಅದರ ಹಿಂದೆ ಇಂಟರ್ನೆಟ್ ಇರಲಿಲ್ಲವಲ್ಲ.

ತಂತಿ ಕಿತ್ತೆ. ಮನೆ ಶಾಂತವಾಯಿತು. ಪರೀಕ್ಷೆಯವಳು ಮಲಗಿದಳು. ನಾನು ಒಂದು ಗಂಟೆಯವರೆಗೆ ಕೂತು, ಮೊದಲೇ ಮಾಡಬೇಕಾಗಿದ್ದನ್ನು ಈ ಕ್ರಮದಲ್ಲಿ ಮಾಡಿದೆ. ಹಳೆಯ ರೂಟರಿನ ಹಿಂಬದಿಯ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಬೇರೆ ಯಾವ ತಂತಿಯೂ ಇಲ್ಲದೆ ಅದನ್ನು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿದೆ. ವೈಫೈಗೆ ಮೋಡೆಮ್‌ನ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು, ಚಾನೆಲ್ ಮಾತ್ರ 11 ಮಾಡಿದೆ. ಡಿಎಚ್‌ಸಿಪಿ ನಿಲ್ಲಿಸಿದೆ. ಎಲ್ಲಕ್ಕಿಂತ ಕೊನೆಗೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಹೊರಗಿನ ಇಂಟರ್ನೆಟ್ ತಂತಿಗೆಂದು ಇರುವ ವ್ಯಾನ್ ಕಿಂಡಿ ಖಾಲಿ, ತಂತಿ ಲ್ಯಾನ್ ಕಿಂಡಿಗೆ. ಬೆಳಿಗ್ಗೆ ಪರೀಕ್ಷೆ ಮುಗಿದ ಮೇಲೆಯೇ ಮತ್ತೆ ಜೋಡಿಸಿದೆ. ಅಷ್ಟು ಬುದ್ಧಿ ಬಂದಿತ್ತು.

ಇಲ್ಲಿಗೂ ಮುಗಿಯಲಿಲ್ಲ. ಮೂರು ದಿನ ಬಿಟ್ಟು ಹಿತ್ತಲಿನಲ್ಲಿ ಹಳೆಯ ರೂಟರಿನ ಪುಟ ಮತ್ತೆ ತೆರೆಯದಾಯಿತು, ಒಂದು ಮೊಬೈಲು ತಡವರಿಸುತ್ತಿತ್ತು. ಮೋಡೆಮ್ ಕೊನೆಯ ಸಂಖ್ಯೆ 2ರಿಂದ 254ರವರೆಗಿನ ವಿಳಾಸಗಳನ್ನು ಹಂಚುತ್ತಿದೆ, ನಾನು ರೂಟರಿಗೆ ಕೊಟ್ಟಿದ್ದ 2ನ್ನೇ ಅದು ಯಾರಿಗೋ ಕೊಟ್ಟಿದೆ! ಹಂಚಿಕೆ 20ರಿಂದ ಶುರುವಾಗುವಂತೆ ಬದಲಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಜುಲೈ 10: ಇಲಿ

ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಹನ್ನೆರಡನೆಯ ದಿನ ದೀಪ ಆರಿತು. ಅಟ್ಟ ಹತ್ತಿ ನೋಡಿದರೆ ಕೇಬಲ್ ಮೂರು ಕಡೆ ಕಡಿದಿತ್ತು, ಒಂದು ಕಡೆಯಂತೂ ಗೇಣುದ್ದ ಸಿಪ್ಪೆ ಸುಲಿದಿತ್ತು. ಅದೇ ಜಾಗದಲ್ಲಿ ಒಡೆದ ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಲಿದ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ: ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬಗ್ಗಿಸಿದರೆ ಪಟ್ಟನೆ ಮುರಿಯುತ್ತಿತ್ತು. 450 ರೂಪಾಯಿ ಇಲಿಯ ಹೊಟ್ಟೆಗೆ ಹೋಯಿತು ಎನ್ನುವುದಕ್ಕಿಂತ, ಇಲಿ ಅದನ್ನು ಬೇಗ ಬಯಲಿಗೆಳೆಯಿತು ಎನ್ನಬೇಕು.

ಜುಲೈ 13, ಭಾನುವಾರ: ಅಜ್ಜಿ

ಕೊನೆಗೆ ಆರೂ ಜನ ಸೇರಿ ಅಜ್ಜಿಯ ಬಾಗಿಲಿಗೆ ಹೋದೆವು. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತು ಕೊರೆಯಲು ಒಪ್ಪಿಗೆ ಕೊಡಿ, ಮನೆ ಬಿಡುವಾಗ ಗಾರೆ ಹಾಕಿಸಿ ಮುಚ್ಚಿ ಕೊಡುತ್ತೇವೆ ಎಂದು ನಾನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ.

ಅಜ್ಜಿ ಪೂರ್ತಿ ಕೇಳಿದರು. "ಯಾವ ಗೋಡೆ ತಂಗೀ?" ಎಂದರು. ಎದ್ದು ನಮ್ಮ ಕಡೆಗೆ ಬಂದರು. ನಡುಮನೆಯ ಮೂಲೆಯಲ್ಲಿ ಕಪಾಟಿನ ಪಕ್ಕದ ಕ್ಯಾಲೆಂಡರ್ ಎತ್ತಿದರು. ಹಿಂದೆ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಕಂಡಿ, ಒಳಗೆ ಸುರುಳಿ ಸುತ್ತಿ ತುರುಕಿದ ಪತ್ರಿಕೆಯ ಕಾಗದ. ಹಿಂದೆ ಮನೆಗೆ ದೂರವಾಣಿ ಬಂದಾಗ, ಅಡುಗೆಮನೆಯಲ್ಲಿದ್ದರೂ ಕೇಳಿಸಲಿ ಎಂದು ಅಜ್ಜಿಯ ಯಜಮಾನರು ಎರಡನೆಯ ಸೆಟ್ ಹಾಕಿಸಿ, ಅದರ ತಂತಿಗೆಂದು ಈ ಕಂಡಿ ಕೊರೆಸಿದ್ದರಂತೆ. ಫೋನು ಹೋಗಿ ಎಷ್ಟೋ ವರ್ಷವಾಯಿತು, ತಂತಿ ಇನ್ನೂ ಒಳಗೇ ಇತ್ತು. "ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆನಲ್ಲ," ಎಂದು ಹೇಳಿ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಹೊರಟು ಹೋದರು.

ಒಂದು ತಿಂಗಳು ಆ ಕ್ಯಾಲೆಂಡರಿನಲ್ಲಿ ನಾವು ಹಾಲಿನ ಲೆಕ್ಕ ಬರೆಯುತ್ತಿದ್ದೆವು.

ಜುಲೈ 14: ಸಾಮಾನು

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಕೊಂಡದ್ದು: ಒಳಗೆ ಶುದ್ಧ ತಾಮ್ರವಿರುವ ಕ್ಯಾಟ್ 6 ಕೇಬಲ್ 22 ಮೀಟರ್, ಮೀಟರಿಗೆ 22ರಂತೆ 484. ಆರ್‌ಜೆ45 ಕನೆಕ್ಟರ್ ಹತ್ತಕ್ಕೆ 80. ಕನೆಕ್ಟರನ್ನು ಕೇಬಲ್ಲಿನ ತುದಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ 380. ಕೇಬಲ್ ಟೆಸ್ಟರ್ 250. ಪಿವಿಸಿ ಪಟ್ಟಿ, ಕ್ಲಿಪ್ಪು, ಅಂಟು ಸೇರಿ 210. ಕೇಬಲ್ ಕೊಳ್ಳುವ ಮೊದಲು ತುದಿಯನ್ನು ಕೆರೆದು ನೋಡಬಹುದೇ ಎಂದು ಕೇಳಿದೆ. ಅಂಗಡಿಯ ಕಾಕಾ ನಕ್ಕು, ತಾವೇ ಬ್ಲೇಡು ಕೊಟ್ಟರು.

ಜುಲೈ 15 ಮತ್ತು 16: ಎಳೆದದ್ದು, ಕ್ರಿಂಪ್ ಮಾಡಿದ್ದು

ಕಂಡಿಯಲ್ಲಿದ್ದ ಹಳೆಯ ಫೋನ್ ತಂತಿಗೆ ಹೊಸ ಕೇಬಲನ್ನು ಕಟ್ಟಿ, ಆ ಕಡೆಯಿಂದ ಎಳೆದರೆ ಆಯಿತು ಎಂಬುದು ಲೆಕ್ಕ. ಮೊದಲ ಸಲ ಗಂಟು ದಪ್ಪವಾಯಿತು. ಗೋಡೆಯ ನಡುವೆ ಸಿಕ್ಕಿಕೊಂಡಿತು. ಜೋರಾಗಿ ಎಳೆದೆವು, ಹಳೆಯ ತಂತಿ ಹರಿದು ಕೈಗೆ ಬಂತು. ಈಗ ದಾರಿ ತೋರಿಸಲು ಒಳಗೆ ಏನೂ ಇಲ್ಲ. ಕಂಡಿ ನೇರವಾಗಿಯೂ ಇರಲಿಲ್ಲ, ಕೊರೆದವರು ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿದ್ದರು ಎಂದು ಕಾಣುತ್ತದೆ.

ಪೊರಕೆ ಕಡ್ಡಿ ಮುರಿಯಿತು. ಛತ್ರಿಯ ಕಡ್ಡಿ ಬಾಗಲಿಲ್ಲ. ಕೊನೆಗೆ ಎದುರು ಮನೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಲ್ಲಿ ಕಬ್ಬಿಣದ ಸರಳುಗಳನ್ನು ಕಟ್ಟುವ ತಂತಿಯನ್ನು ಒಂದು ಮಾರು ಕೇಳಿ ತಂದು, ಎರಡೆಳೆ ಹೊಸೆದು ತುದಿಯನ್ನು ದುಂಡಗೆ ಮಡಚಿ ತೂರಿಸಿದೆವು. ಇಪ್ಪತ್ತು ನಿಮಿಷಕ್ಕೆ ಅಡುಗೆಮನೆಯ ಕಡೆ ತಲೆ ಹಾಕಿತು. ಈ ಸಲ ಕೇಬಲ್ಲಿನ ಎಂಟೆಳೆಯಲ್ಲಿ ಆರನ್ನು ಕತ್ತರಿಸಿ, ಎರಡನ್ನೇ ತಂತಿಗೆ ಹೆಣೆದು, ಮೇಲೆ ಟೇಪನ್ನು ಮೊನಚಾಗಿ ಸುತ್ತಿ, ಪಾತ್ರೆ ತಿಕ್ಕುವ ಸಾಬೂನು ಬಳಿದೆ. ಬೆಣ್ಣೆಯಂತೆ ಬಂತು.

ಉಳಿದ ಎರಡು ಗೋಡೆ ಸುಲಭ. ಪಡಸಾಲೆಯಿಂದ ನಡುಮನೆಗೆ ಬಾಗಿಲಿನ ಮೇಲಿನ ಜಾಲಂಧ್ರದಿಂದ ದಾಟಿತು. ಅಡುಗೆಮನೆಯಿಂದ ಹಿತ್ತಲಿನ ಕೋಣೆಗೆ ಕಿಟಕಿಯ ಚೌಕಟ್ಟಿನ ಮೂಲೆಯಿಂದ. ಪೂರ್ತಿ ದಾರಿಗೆ ಪಿವಿಸಿ ಪಟ್ಟಿಯನ್ನು ಅಂಟಿನಿಂದಲೇ ಕೂಡಿಸಿದೆ, ಒಂದು ಮೊಳೆಯೂ ಹೊಡೆಯಲಿಲ್ಲ. ಗಾರೆಯ ಗೋಡೆಗೆ ಅಂಟು ಎರಡು ಕಡೆ ಬಿಟ್ಟಿದೆ, ಮತ್ತೆ ಹಚ್ಚಬೇಕು.

ಕ್ರಿಂಪಿಂಗ್ ನಾನು ಅಂದುಕೊಂಡಿದ್ದಕ್ಕಿಂತ ಕಷ್ಟ. ಎಡದಿಂದ ಕ್ರಮ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಕನೆಕ್ಟರಿನ ಚಿಮ್ಮುವ ನಾಲಿಗೆ ಕೆಳಗಿರಬೇಕು. ಎರಡೂ ತುದಿಗೆ ಇದೇ ಕ್ರಮ. ಹತ್ತು ಕನೆಕ್ಟರಿನಲ್ಲಿ ಐದು ಹಾಳಾದವು. ಎರಡರಲ್ಲಿ ಎಳೆಗಳು ತುದಿಯವರೆಗೆ ಹೋಗಿರಲಿಲ್ಲ. ಒಂದರಲ್ಲಿ ಹೊರಗಿನ ಸಿಪ್ಪೆ ಕನೆಕ್ಟರಿನೊಳಗೆ ಸೇರಿರಲಿಲ್ಲ, ಸ್ವಲ್ಪ ಜಗ್ಗಿದೊಡನೆ ಕಿತ್ತು ಬಂತು. ಇನ್ನೆರಡು ಬಣ್ಣದ ತಪ್ಪು: ರಾತ್ರಿ ಟ್ಯೂಬ್‌ಲೈಟಿನಲ್ಲಿ ಕಿತ್ತಳೆ-ಬಿಳಿಯೂ ಕಂದು-ಬಿಳಿಯೂ ಒಂದೇ ಥರ ಕಾಣುತ್ತವೆ. ಟೆಸ್ಟರಿನಲ್ಲಿ ಒಂದು ಕಡೆ 1 ಹತ್ತಿದರೆ ಇನ್ನೊಂದು ಕಡೆ 7 ಹತ್ತುತ್ತಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತು ಮಾಡಿದಾಗ ಸರಿಹೋಯಿತು. ಎಳೆಗಳ ತುದಿಯನ್ನು ಸಮನಾಗಿ ಕತ್ತರಿಸಲು ಅಜ್ಜಿಯ ಕಸೂತಿ ಕತ್ತರಿ ಕೇಳಿ ತಂದಿದ್ದೆ. ತಾಮ್ರ ಕತ್ತರಿಸಿದ್ದು ಗೊತ್ತಾದ ಮೇಲೆ ತೂತಿನ ವಿಷಯಕ್ಕೆ ಬೈಯದ ಅಜ್ಜಿ ಕತ್ತರಿಯ ವಿಷಯಕ್ಕೆ ಬೈದರು. ಲೈನ್ ಬಜಾರಿನಲ್ಲಿ ಸಾಣೆ ಹಿಡಿಸಿ ಕೊಟ್ಟೆ, 30 ರೂಪಾಯಿ. ಇದು ನನ್ನ ಕೈಯಿಂದ, ಲೆಕ್ಕಕ್ಕೆ ಹಾಕಿಲ್ಲ.

ಎಂಟೂ ದೀಪ ಕ್ರಮವಾಗಿ ಹತ್ತಿದಾಗ ಮತ್ತೆ ಅಳತೆ: ಹಿತ್ತಲಿನ ಕೋಣೆಯಲ್ಲಿ ಮೈನಸ್ 41, ವೈಫೈಯಲ್ಲಿ 46 ಎಂಬಿಪಿಎಸ್, ಲ್ಯಾಪ್‌ಟಾಪಿಗೆ ನೇರವಾಗಿ ತಂತಿ ಹಾಕಿದರೆ 93. ಅಡುಗೆಮನೆಯಲ್ಲಿ 38. ತಗಡಿನ ಮಾಡಿನಿಂದ ಒಂದು ಉಪಕಾರ: ಹೊರಗಿನವರ ವೈಫೈ ಒಳಗೆ ಅಷ್ಟಾಗಿ ಬರುವುದಿಲ್ಲ.

ಜುಲೈ 22: ಕರೆಂಟು

ಮಳೆಗಾಲದಲ್ಲಿ ಕರೆಂಟು ಹೋದರೆ ಎರಡೂ ಡಬ್ಬಿ ಸತ್ತಂತೆ. ರೂಟರಿಗೆಂದೇ ಬರುವ ಸಣ್ಣ ಯುಪಿಎಸ್ ಎರಡು, ತಲಾ 1,250. ಎರಡೂ 12 ವೋಲ್ಟಿನವು. ಹಿತ್ತಲಿನ ರೂಟರಿಗೆ ಪಿನ್ನು ಸರಿಯಾಗಿ ಕೂರುತ್ತಿತ್ತು, ಇನ್ನೇನು ಸ್ವಿಚ್ ಒತ್ತಬೇಕು, ಗೆಳತಿ ರೂಟರಿನ ಬೆನ್ನಿನ ಚೀಟಿ ಓದಿ 9 ವೋಲ್ಟ್ ಎಂದಿದೆಯಲ್ಲ ಎಂದಳು. ಒಂದನ್ನು ವಾಪಸ್ ಕೊಟ್ಟು, ಅದೇ ಬೆಲೆಯ 9 ಮತ್ತು 12 ಎರಡೂ ಇರುವುದನ್ನು ತಂದೆವು. ಈಗ ಮೂರು ತಾಸು ನಡೆಯುತ್ತದೆ.

ಆಗಸ್ಟ್ 3: ಮಂಗಗಳು

ಮೋಡೆಮ್ ಮೇಲೆ ಕೆಂಪು ದೀಪ. ಹೊರಗೆ ಕಂಬದಿಂದ ಬರುವ ಫೈಬರ್ ಹಂಚಿನ ಮೇಲೆ ಬಿದ್ದಿತ್ತು. ಬೆಳಿಗ್ಗೆ ಮಂಗಗಳ ದಂಡು ಅದರಲ್ಲಿ ಉಯ್ಯಾಲೆ ಆಡಿದ್ದನ್ನು ಅಜ್ಜಿ ನೋಡಿದ್ದರು. ಮರುದಿನ ಬಂದ ಅಣ್ಣ ಕೂಡಿಸಿ, ದೀಪ ಹಸಿರಾದೊಡನೆ ಚೀಲ ಕಟ್ಟತೊಡಗಿದ. ಮೀಟರ್ ತೋರಿಸಿ ಎಂದೆ. ಮೈನಸ್ 26.4. ಮೊದಲು 19.8 ಇತ್ತು ಎಂದು ವಹಿ ತೆಗೆದು ತೋರಿಸಿದೆ. ಮೈನಸ್ 27ರ ಹತ್ತಿರ ಬಂದರೆ ಮಳೆ ಬಂದಾಗಲೆಲ್ಲ ಕಡಿಯುತ್ತದೆ ಎಂದು ಅವನಿಗೂ ಗೊತ್ತು. ಮುಖ ಗಂಟಿಕ್ಕಿಕೊಂಡೇ ಮತ್ತೆ ಕೂಡಿಸಿದ: ಮೈನಸ್ 21.1. ಬರೆದಿಟ್ಟುಕೊಂಡಿದ್ದರಿಂದ ಸಿಕ್ಕ ಲಾಭ ಇದೊಂದೇ ಆದರೂ ಸಾಕು.

ಹಂಚಿಕೊಳ್ಳುವ ವಿಷಯ

ರಾತ್ರಿ ಒಂಬತ್ತರಿಂದ ಹನ್ನೊಂದು ಎಲ್ಲರಿಗೂ ಬೇಕು. ಮೋಡೆಮ್‌ನಲ್ಲಿ ಪ್ರತಿ ಸಾಧನಕ್ಕೂ 20 ಎಂಬಿಪಿಎಸ್ ಮಿತಿ ಹಾಕಿ ನೋಡಿದೆ. ನನ್ನ ಮಿತಿ ತೆಗೆದುಕೊಂಡಿದ್ದೇನೆ ಎಂದು ನಡುಮನೆಯವರಿಗೆ ಅನುಮಾನ, ತೆಗೆದುಕೊಂಡಿರಲಿಲ್ಲ. ಒಂದು ವಾರಕ್ಕೆ ಎಲ್ಲ ಮಿತಿ ಕಿತ್ತು ಹಾಕಿದೆ. ಲ್ಯಾಪ್‌ಟಾಪಿನ ಅಪ್‌ಡೇಟು, ದೊಡ್ಡ ಡೌನ್‌ಲೋಡು ಹನ್ನೆರಡರ ಮೇಲೆ ಎನ್ನುವ ಒಂದೇ ನಿಯಮ ಉಳಿಯಿತು. ಸಂಪರ್ಕ ನನ್ನ ಹೆಸರಿನಲ್ಲಿರುವುದರಿಂದ ಪಾಸ್‌ವರ್ಡ್ ಹೊರಗೆ ಕೊಟ್ಟರೆ ಸಿಕ್ಕಿಬೀಳುವವಳು ನಾನು. ಒಮ್ಮೆ ಗೊತ್ತಿಲ್ಲದ ಎರಡು ಮೊಬೈಲು ಕಂಡಾಗ ಬದಲಿಸಿದೆ. ರಜೆಗೆ ಊರಿಗೆ ಹೋದವರೂ 160 ಕೊಡಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಲೆಕ್ಕ: ಎಕ್ಸ್‌ಟೆಂಡರ್ 1,499, ಇಲಿ ಕಡಿದ ಕೇಬಲ್ 450, ಹುಬ್ಬಳ್ಳಿಯ ಸಾಮಾನು 1,404, ಯುಪಿಎಸ್ 2,500. ಒಟ್ಟು 5,853. ಮಾರಿ ಬಂದ 900 ಕಳೆದರೆ 4,953, ತಲೆಗೆ 825 ರೂಪಾಯಿ 50 ಪೈಸೆ. ಇದರಲ್ಲಿ ಎಕ್ಸ್‌ಟೆಂಡರಿನ 599ಕ್ಕೂ ಮೊದಲ ಕೇಬಲ್ಲಿನ 450ಕ್ಕೂ, ಅಂದರೆ 1,049ಕ್ಕೆ, ಮನೆಯಲ್ಲಿ ಏನೂ ಉಳಿದಿಲ್ಲ. ಆ ನಾನೂರು ಕೊಟ್ಟಿದ್ದರೂ ಹಿತ್ತಲಿಗೆ ತಂತಿ ಎಳೆಯಲೇಬೇಕಿತ್ತು, ಆದರೆ 22 ಮೀಟರ್ ಬದಲು ಸುಮಾರು ಅರ್ಧ ಸಾಕಿತ್ತು. ನಡುಮನೆಯವರು ಇದನ್ನು ಆಗಾಗ ನೆನಪಿಸುತ್ತಾರೆ.

ಬಾಕಿ ಕೆಲಸ: ಬಿಟ್ಟ ಪಿವಿಸಿ ಪಟ್ಟಿಗೆ ಅಂಟು. ಕಂಡಿಯ ಸುತ್ತ ಗಾರೆ ಹಾಕೋಣವೇ ಎಂದು ಅಜ್ಜಿಯನ್ನು ಕೇಳಿದರೆ ಹಾಗೆಯೇ ಇರಲಿ ಎಂದರು. ಜಿರಲೆ ಬಾರದಂತೆ ಸದ್ಯಕ್ಕೆ ಕಳೆದ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯನ್ನು ಸುರುಳಿ ಸುತ್ತಿ ತುರುಕಿದ್ದೇವೆ. ಮೇಲೆ ಮತ್ತೆ ಕ್ಯಾಲೆಂಡರ್ ತೂಗುಹಾಕಿದೆ, ಹಾಲಿನ ಲೆಕ್ಕ ಅಲ್ಲೇ ನಡೆಯುತ್ತಿದೆ.